ಸಂಪಾದಕರ ಉತ್ತರ: ಆಕೆಯ ಹೆಸರು ರೀಟಾ

ಗದಗಿನ ಹಿರಿಯ ಓದುಗರೊಬ್ಬರ ಪತ್ರ: “ನವೆಂಬರ್ 20 ಹತ್ಯೆಗೀಡಾದ ಲಿಂಗತ್ವ ಅಲ್ಪಸಂಖ್ಯಾತರ ಸ್ಮರಣೆಯ ದಿನವೆಂದು ನಾಲ್ಕು ಪುಟ ಕೊಟ್ಟಿದ್ದೀರಿ. ಅದು ಅಮೆರಿಕದ ಆಚರಣೆ. ಇನ್ನು ಲೈಂಗಿಕ, ಲಿಂಗತ್ವ ಅಲ್ಪಸಂಖ್ಯಾತರದೆಂಬ ಕ್ವಿಯರ್ ಸಾಹಿತ್ಯ! ಸಾಹಿತ್ಯದಲ್ಲೂ ಬೇರೆ ಪಂಕ್ತಿಯೇ?”

ಹಿರಿಯರೇ, ಕಾರ್ಡಿನ ಅಂಚಿನವರೆಗೂ ಬರೆಯುವ ನಿಮ್ಮ ಕಾಳಜಿಗೆ ಋಣಿ. ದಿನಾಚರಣೆಗಳು ಅತಿಯಾಗಿವೆ, ನಿಜ. ಉಳಿದದ್ದನ್ನು ಒಪ್ಪಲಾರೆ.

1998ರ ನವೆಂಬರ್ 28ರಂದು ಬಾಸ್ಟನ್ನಿನಲ್ಲಿ ರೀಟಾ ಹೆಸ್ಟರ್ ಎಂಬ ಟ್ರಾನ್ಸ್ ಮಹಿಳೆಯನ್ನು ಮನೆಯಲ್ಲೇ ಇರಿದು ಕೊಂದರು. ಪತ್ರಿಕೆಗಳು ಆಕೆಯನ್ನು ಗಂಡಸೆಂದು ಬರೆದವು, ಗೆಳೆಯರು ಪ್ರತಿಭಟಿಸಿದರು. ಮರುವರ್ಷ ಟ್ರಾನ್ಸ್ ಹೋರಾಟಗಾರ್ತಿ ಗ್ವೆಂಡೊಲಿನ್ ಆ್ಯನ್ ಸ್ಮಿತ್ ಈ ಸ್ಮರಣೆಯನ್ನು ಆರಂಭಿಸಿದರು. ಸತ್ತವರ ಹೆಸರುಗಳನ್ನು ಗಟ್ಟಿಯಾಗಿ ಓದುವುದೇ ಅಲ್ಲಿ ಮುಖ್ಯ.

ಅದೇಕೆ ಮುಖ್ಯವೆಂದು ನಾನು ಕಲಿತದ್ದು ಹುಬ್ಬಳ್ಳಿಯಲ್ಲಿ. ಮೂವತ್ತು ವರ್ಷದ ಹಿಂದೆ ದೈನಿಕವೊಂದರಲ್ಲಿ ಉಪಸಂಪಾದಕನಾಗಿದ್ದೆ. ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಾಗಿ ಬಾಳುವ ಜೋಗಪ್ಪಗಳಲ್ಲಿ ಒಬ್ಬರ ಶವ ರೈಲು ಹಳಿಯ ಬಳಿ ಸಿಕ್ಕ ಸುದ್ದಿ ಬಂತು. ಓಣಿಯವರು ಕರೆಯುತ್ತಿದ್ದ ಹೆಣ್ಣುಹೆಸರನ್ನೇ ವರದಿಗಾರ ಬರೆದಿದ್ದ. ನಾನು ಅದನ್ನು ಹೊಡೆದುಹಾಕಿ ‘ಅಪರಿಚಿತ ವ್ಯಕ್ತಿ’ ಎಂದು ತಿದ್ದಿದೆ. ಮರುದಿನ ಹೆಗಲಿಗೆ ಚೌಡಿಕೆ ವಾದ್ಯ ಹಾಕಿಕೊಂಡ ಇಬ್ಬರು ಜೋಗಪ್ಪಗಳು ಕಚೇರಿಗೆ ಬಂದು ಕೇಳಿದರು: “ಇಡೀ ಓಣಿಗೆ ಬೇಕಾದವಳು ನಿಮಗೆ ಹೇಗೆ ಅಪರಿಚಿತಳು?” ನಾನು ತಿದ್ದುಪಡಿಯನ್ನೂ ಹಾಕಲಿಲ್ಲ.

ಪಂಕ್ತಿಯ ಮಾತೆತ್ತಿದ್ದೀರಿ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ನೈವೇದ್ಯದ ಪಡ್ಡಲಗಿ ತುಂಬಿಸಿ ಜೋಗಪ್ಪನ ಕಾಲಿಗೆರಗುವವರು ಊರಿಗೆ ಮರಳಿದ ಮೇಲೆ ಅವರಿಗೊಂದು ಬಾಡಿಗೆ ಕೋಣೆ ಕೊಡುವುದಿಲ್ಲ. ಪಂಕ್ತಿ ಬೇರೆ ಮಾಡಿದವರು ಲೇಖಕರಲ್ಲ, ನಾವು. ತೃತೀಯಲಿಂಗಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗೊತ್ತುಮಾಡಿದ ಶಿಕ್ಷೆ 6 ತಿಂಗಳಿಂದ 2 ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಆಗಲೇ ಕನಿಷ್ಠ 10 ವರ್ಷವಿತ್ತು. ನೋವನ್ನು ಯಾವ ತಕ್ಕಡಿಯಲ್ಲಿ ತೂಗಿದರು?

ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ರೇವತಿಯಾಗಿ ಬಾಳಲು ಆಕೆ ಮನೆಯಲ್ಲೇ ತಿಂದ ಏಟುಗಳನ್ನು ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಸಲಿಂಗಪ್ರೇಮದ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ ಸಂಕಲನ 2013ರಲ್ಲಿ ಬಂದಾಗ, ಈ ನಾಡಿನ ಎಷ್ಟೋ ಹುಡುಗರು ತಮ್ಮ ಬದುಕನ್ನು ಮೊದಲ ಸಲ ಕನ್ನಡದಲ್ಲೇ ಓದಿದರು. ಒಳಗೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದ ದಾಸಿಮಯ್ಯ ಬಸವಣ್ಣನವರಿಗಿಂತ ಹಿಂದಿನವನು. ಪ್ರವಚನದಲ್ಲಿ ಆ ವಚನಕ್ಕೆ ತಲೆದೂಗುವ ನೀವು, ಅದನ್ನು ಬದುಕಿದವರು ಬರೆದಾಗ ಅಮೆರಿಕವನ್ನು ನೆನೆಯುವುದು ಸರಿಯಲ್ಲ.

ನಮ್ಮ ಕಡೆಯ ವಾಚನಾಲಯಗಳಲ್ಲಿ ಈ ಪುಸ್ತಕಗಳನ್ನು ಹುಡುಕಿ ಸೋತಿದ್ದೇನೆ. ಯಾರೂ ತೆರೆಯದ ಅಭಿನಂದನ ಗ್ರಂಥಗಳಿಗೆ ಕಪಾಟು ತುಂಬ ಜಾಗವಿದೆ. ಹಾಗಾಗಿ ನನ್ನ ‘ಬದುಕು ಬಯಲು’ ಪ್ರತಿಯನ್ನೇ ನಿಮಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಓದಿದ ಮೇಲೆ ಹಿಂದಿರುಗಿಸಬೇಡಿ, ನಿಮ್ಮ ಓಣಿಯ ವಾಚನಾಲಯಕ್ಕೆ ಕೊಡಿ.

— ಸಂಪಾದಕ, ಧಾರವಾಡ