ಟ್ರಂಕಿನೊಳಗಿನ ಆಟಿಕೆಗಳು

ಕೊಪ್ಪಳ ಜಿಲ್ಲೆಯ ಅಂಗನವಾಡಿ ಮೇಲ್ವಿಚಾರಕಿ, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರು ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದು ನಿದ್ದೆ ಬರಲ್ಲ ಅಂತ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮುಗೀತು, ಅಂಗನವಾಡಿಯ ಲೆಕ್ಕ ತುಂಬುವ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಯಾವ ಕೇಂದ್ರದ ಹಾಜರಾತಿ ಬಾಕಿ ಅನ್ನೋ ಲೆಕ್ಕ ಬೆಳಗಿನ ತನಕ.

ಮೊದಲ ದಿನ ಪೂರ್ತಿ ಮೀಟಿಂಗಿನ ಮಾತೇ. ಎಲ್ಲರೆದುರು ಬೈಸಿಕೊಂಡಿದ್ದರು. ಮರುದಿನ ಆ ಸಿಟ್ಟು ಒಬ್ಬ ಟೀಚರ್ ಮೇಲೆ ತಿರುಗಿತು. ಆಕೆ ಮಕ್ಕಳ ಮುಂದೆಯೇ ಅತ್ತುಬಿಟ್ಟರು.

"ನಾ ಬಾಗಿಲಿಗೆ ಹೋದ್ರ ಸಾಕ್ರಿ ಮೇಡಂ, ಟೀಚರ್ 'ಕೈ ಕಟ್, ಬಾಯ್ ಮುಚ್' ಅಂತಾರ. ಮಕ್ಕಳು ಗಪ್ಪಗಾಗ್ತಾವ. ಮೊದಲು ಶಿಸ್ತು ಅಂತ ಖುಷಿ ಆಗ್ತಿತ್ರಿ."

ಎರಡನೇ ಸಲ ಬಂದಾಗ, ಒಂದೇ ಒಂದು ಕೇಂದ್ರದ ಕೋಣೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿ ಅಂದೆ. ಗೋಡೆ, ಚಾಪೆ, ತೂಕದ ಯಂತ್ರ, ಮೂಲೆಯಲ್ಲೊಂದು ಟ್ರಂಕು. ಟ್ರಂಕಿನಲ್ಲೇನಿದೆ? ಆಟಿಕೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಯಾಕೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುರಿದ್ರ ಯಾರು ಜವಾಬ್ದಾರಿ ಅಂತ ನಾನೇ ಕೇಳಿದ್ದೆರಿ" ಅಂದರು. ಕಿನ್ನಾಳದಂಥ ಆಟಿಕೆಯ ಊರಿರುವ ಜಿಲ್ಲೆ ಇದು. ಇಲ್ಲಿ ಮಕ್ಕಳ ಆಟಿಕೆಗೆ ಬೀಗ. ನನಗೆ ನಿಜಕ್ಕೂ ಸಂಕಟವಾಯಿತು.

ತಪ್ಪು ಅವರೊಬ್ಬರದೇ ಅಲ್ಲ. 1975ರಲ್ಲಿ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗಿನಿಂದ ಶಾಲಾಪೂರ್ವ ಶಿಕ್ಷಣವೂ ಅಂಗನವಾಡಿಯ ಕೆಲಸವೇ. ಆರು ವರ್ಷದೊಳಗೇ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಜಾಸ್ತಿ ಆಗಿಬಿಡುತ್ತದೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ತೂಕ, ಮೊಟ್ಟೆ, ಹಾಜರಾತಿ ಎಣಿಸಿದಷ್ಟು ಸುಲಭವಾಗಿ ಮಗುವಿನ ಮಾತು ಎಣಿಸೋಕಾಗಲ್ಲ. ಹಾಗಾಗಿ ತಪಾಸಣೆಗೆ ಹೋದವರ ಕಣ್ಣು ರಿಜಿಸ್ಟರ್ ಮೇಲೆಯೇ ಇರುತ್ತದೆ.

ನಾನು ಹೇಳಿದ್ದು ಇಷ್ಟು. ಮೊದಲು ಆ ಟೀಚರ್ ಹತ್ತಿರ ಹೋಗಿ ತಪ್ಪಾಯ್ತು ಅನ್ನಿ, ಅದೇ ಕೋಣೆಯಲ್ಲಿ. ಅತ್ತಿದ್ದನ್ನು ಮಕ್ಕಳು ನೋಡಿದ್ದಾರೆ, ಇದನ್ನೂ ನೋಡಲಿ. ಇನ್ನು ಯಾವ ಕೇಂದ್ರಕ್ಕೆ ಹೋದರೂ ಮೊದಲ ಅರ್ಧ ಗಂಟೆ ರಿಜಿಸ್ಟರ್ ಕೇಳಬೇಡಿ. ಚಾಪೆ ಮೇಲೆ ಮಕ್ಕಳ ಜೊತೆ ಕೂತ್ಕೊಳ್ಳಿ. ಏಳುವಾಗ ಟೀಚರ್‌ಗೆ ಒಂದೇ ಪ್ರಶ್ನೆ: "ನನ್ನಿಂದ ಏನು ಸಹಾಯ ಬೇಕು?" ಆಡುವಾಗ ಮುರಿದ ಆಟಿಕೆಯನ್ನು 'ಆಟದಲ್ಲಿ ಮುರಿದದ್ದು' ಅಂತ ಬರೆದು, ನೀವೇ ಸಹಿ ಹಾಕಿ. ಜವಾಬ್ದಾರಿ ಹೊರೋದು ಅಂದರೆ ಅದೇ ಅಲ್ವಾ? ಎಲ್ಲ ಕೇಂದ್ರ ಒಟ್ಟಿಗೆ ಬೇಡ, ಎರಡರಿಂದ ಶುರು ಮಾಡಿ. ರಾತ್ರಿ ಒಂಬತ್ತಾದ ಮೇಲೆ ಫೋನು ಬೇರೆ ಕೋಣೆಯಲ್ಲಿರಲಿ. ನಿದ್ದೆ ಸುಧಾರಿಸದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಅರ್ಧ ಗಂಟೆ ಎಲ್ಲಿಂದ ತರಲಿ ಅಂತ ವಾದ ಮಾಡಿದರು. ನ್ಯಾಯವಾದ ಮಾತೇ. ಹದಿನೈದು ನಿಮಿಷಕ್ಕೆ ಒಪ್ಪಿದೆವು.

ಒಂದೂವರೆ ತಿಂಗಳಾದ ಮೇಲೆ ಬಂದರು. ಕ್ಷಮೆ ಕೇಳಿದ ದಿನ ಟೀಚರ್ ಏನೂ ಮಾತಾಡಲಿಲ್ಲವಂತೆ. ಮುಂದಿನ ಭೇಟಿಗೆ ಹೋದಾಗ ಟ್ರಂಕು ತೆರೆದಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಹುಣಸೆಬೀಜಗಳನ್ನು ಬಣ್ಣದ ಬಟ್ಟಲುಗಳಿಗೆ ಹಂಚುತ್ತಾ, ತಲೆ ಎತ್ತದೆ, "ನೀನೂ ತಗೋ, ಮೇಡಂ" ಅಂದು ಇವರ ಅಂಗೈಗೆ ಮೂರು ಬೀಜ ಹಾಕಿದಳಂತೆ. ಅದನ್ನು ಹೇಳುವಾಗ ಅಂಗೈ ಬಿಡಿಸಿ ತೋರಿಸಿದರು.

ಎರಡನೇ ಕೇಂದ್ರದಲ್ಲಿ ಇನ್ನೂ ಏನೂ ಬದಲಾಗಿಲ್ಲ. ಮೀಟಿಂಗಿನ ಬೈಗುಳವೂ ನಿಂತಿಲ್ಲ. ನಿದ್ದೆ ವಾರದಲ್ಲಿ ನಾಲ್ಕು ದಿನ ಬರುತ್ತಿದೆ. ಮುಂದಿನ ತಿಂಗಳು ಮತ್ತೆ ಬರ್ತಾರೆ.