ಪೇಡಾ ಬೇಡ, ಸಹಿ ಮಾಡಿದ ಕಾಗದ ಬೇಕು

ಪ್ರಶ್ನೆ: ನಾನು ಧಾರವಾಡದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಎರಡನೇ ವರ್ಷ ಮುಗಿಯುತ್ತಾ ಬಂತು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಒಂದು ಸೆಮಿಸ್ಟರ್ ಓದಿ ಬರಲು ಕಾಲೇಜಿನ ಕಡೆಯಿಂದ ಅವಕಾಶ ಸಿಗುವ ಹಾಗಿದೆ. ಫೀಸು ಇಲ್ಲ ಅಂತಾರೆ, ಆದರೆ ಆರು ಲಕ್ಷ ಕಟ್ಟಿಡಿ ಅಂತಲೂ ಹೇಳ್ತಾರೆ. ಅಪ್ಪನಿಗೆ ಇದೇನೋ ಮೋಸ ಅನ್ನಿಸಿದೆ. ಅಮ್ಮನಿಗೆ ಒಂದು ವರ್ಷ ಹಾಳಾಗುತ್ತೆ ಅನ್ನುವ ಭಯ. ಆರನೇ ಸೆಮಿಸ್ಟರ್‌ಗೆ ಹೋಗಲಾ, ಏಳಕ್ಕೆ ಹೋಗಲಾ?

ಉತ್ತರ: ಅಮ್ಮನ ಭಯವನ್ನೇ ಮೊದಲು ತಗೊಳ್ಳೋಣ. ಅದು ಸುಮ್ನೆ ಭಯ ಅಲ್ಲ. ನಾನೂ ಅದೇ ಟ್ಯೂಬಿಂಗನ್‌ನಲ್ಲಿ ಒಂದು ಸೆಮಿಸ್ಟರ್ ಓದಿ ಬಂದವಳು. ಹೊರಡುವ ಮುಂಚೆ ನಮ್ಮ ಎಚ್‌ಒಡಿ ಹತ್ತಿರ ಹೋಗಿ, ಅಲ್ಲಿ ಬರೆದ ಪೇಪರ್ ಇಲ್ಲಿ ಲೆಕ್ಕಕ್ಕೆ ಬರುತ್ತಾ ಸರ್ ಅಂತ ಕೇಳಿದ್ದೆ. 'ಅದೇನು ಮಹಾ, ಹೋಗಿ ಬಾರಮ್ಮ, ಆಮೇಲೆ ನೋಡ್ಕೊಳ್ಳೋಣ' ಅಂದರು. ನಾನು ವಾಪಸ್ ಬರುವಷ್ಟರಲ್ಲಿ ಅವರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ನನ್ನ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, 'ಇದರಲ್ಲಿ ನಮ್ಮ ಸಬ್ಜೆಕ್ಟ್ ಕೋಡೇ ಇಲ್ಲವಲ್ಲಮ್ಮ' ಅಂದರು. ನಾಲ್ಕು ಪೇಪರ್‌ನಲ್ಲಿ ಒಂದನ್ನು ಒಪ್ಪಿದರು. ಉಳಿದ ಮೂರನ್ನು ಜೂನಿಯರ್‌ಗಳ ಪಕ್ಕ ಕೂತು ಬರೆದೆ.

ಹಾಗಾಗಿ ನೀವು ಟಿಕೆಟ್, ಕೋಟು, ಸೂಟ್‌ಕೇಸು ಎಲ್ಲ ಆಮೇಲೆ ಯೋಚನೆ ಮಾಡಿ. ಮೊದಲು ಲರ್ನಿಂಗ್ ಅಗ್ರಿಮೆಂಟ್. ಅಲ್ಲಿಯ ಯಾವ ವಿಷಯಕ್ಕೆ ಇಲ್ಲಿಯ ಯಾವ ವಿಷಯ ಸಮ ಅಂತ ಬರೆದು, ನೀವು, ನಿಮ್ಮ ಕಾಲೇಜು, ಆ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕುವ ಕಾಗದ ಅದು. ಕಾಲೇಜಿನವರು ಸಹಿ ಹಾಕಿದರೆ ಸಾಲದು. ನಿಮ್ಮ ಡಿಗ್ರಿ ಕೊಡುವ ಯೂನಿವರ್ಸಿಟಿ ಬೇರೆಯಾಗಿದ್ದರೆ ಅಲ್ಲಿಂದಲೂ ಬರಹದಲ್ಲಿ ಒಪ್ಪಿಗೆ ಬೇಕು. ನನಗೆ ತಪ್ಪಿದ್ದು ಇದೇ.

ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತೆ. ನಮ್ಮಲ್ಲಿ ಕ್ರೆಡಿಟ್ ಅಂದರೆ ವಾರಕ್ಕೆ ಎಷ್ಟು ಗಂಟೆ ಕ್ಲಾಸು ಅನ್ನುವ ಲೆಕ್ಕ. ಅವರ ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್‌ನಲ್ಲಿ ನೀವು ರೂಮಿನಲ್ಲಿ ಕೂತು ಓದಿದ್ದೂ ಸೇರುತ್ತೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಒಂದು ಕ್ರೆಡಿಟ್‌ಗೆ 30 ಗಂಟೆ, ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್. ಅಂದರೆ 6 ಕ್ರೆಡಿಟ್‌ನ ಒಂದು ವಿಷಯಕ್ಕೆ 180 ಗಂಟೆ ದುಡಿಮೆ. 'ಅಲ್ಲಿ 6, ಇಲ್ಲಿ 4, ಹೊಂದಿಕೆಯಾಗಲ್ಲ' ಅಂತ ಯಾರಾದರೂ ಕಡತ ಪಕ್ಕಕ್ಕಿಟ್ಟರೆ ಈ ಲೆಕ್ಕ ಹೇಳಿ. ವಿಷಯದ ಪೂರ್ತಿ ಸಿಲಬಸ್ ಅವರ ಮಾಡ್ಯೂಲ್ ಪುಸ್ತಕದಲ್ಲಿರುತ್ತೆ. ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಹೊಡೆಯಿರಿ. ಅಲ್ಲಿಗೆ ಹೋದ ಮೇಲೆ ಒಂದು ವಿಷಯ ಬದಲಾದರೂ ಅವತ್ತೇ ಇಮೇಲ್ ಮಾಡಿ ಒಪ್ಪಿಗೆ ತರಿಸಿಕೊಳ್ಳಿ. ಫೋನಿನಲ್ಲಿ 'ಆಯ್ತು' ಅಂದದ್ದು ಯಾರಿಗೂ ನೆನಪಿರಲ್ಲ.

ಆರೋ ಏಳೋ? ನನ್ನ ಓಟು ಆರಕ್ಕೆ. ಅವರ ಬೇಸಿಗೆ ಸೆಮಿಸ್ಟರ್ ಏಪ್ರಿಲ್ 1ಕ್ಕೆ ಶುರು, ಪಾಠ ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ. ಬಂದು ಏಳನೇ ಸೆಮಿಸ್ಟರ್‌ಗೆ ಕೂರಬಹುದು. ಚಳಿಗಾಲದ್ದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಎಳೆಯುತ್ತೆ. ನಿಮ್ಮ ಏಳನೆಯದರ ನಡುವೆ ಎದ್ದು ಹೋಗಿ ಎಂಟನೆಯದರ ನಡುವೆ ಬಂದಿಳಿದ ಹಾಗೆ. ಪ್ಲೇಸ್‌ಮೆಂಟೂ ಹೋಗುತ್ತೆ. ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ಹೋದವರು ಪರೀಕ್ಷೆಯನ್ನು ಮೊದಲ ಸಲವೇ ಪಾಸು ಮಾಡಬೇಕು. ಮರುಪರೀಕ್ಷೆ ಇಟ್ಟಾಗ ನೀವು ಧಾರವಾಡದಲ್ಲಿರ್ತೀರಿ.

ಇನ್ನು ಅಪ್ಪನ ಅನುಮಾನ. ಮೋಸ ಅಲ್ಲ ಅಂತ ಹೇಳಿ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರ ಹತ್ತಿರ ಸೆಮಿಸ್ಟರ್‌ಗೆ 1,500 ಯೂರೊ ಫೀಸು ತಗೊಳ್ಳುತ್ತೆ. ಎರಡೂ ಕಡೆಯ ಕಾಲೇಜುಗಳ ವಿನಿಮಯ ಒಪ್ಪಂದದ ಮೇಲೆ ಹೋಗುವವರಿಗೆ ಅದು ಮಾಫಿ. ಸೆಮಿಸ್ಟರ್ ವಂತಿಗೆ ಅಂತ ಚಿಕ್ಕದೊಂದು ಮೊತ್ತ ಇರುತ್ತೆ, ಅಷ್ಟೇ. ಆ ಆರು ಲಕ್ಷ ಬೇರೆ. ಬ್ಲಾಕ್ಡ್ ಅಕೌಂಟ್ ಅಂದರೆ ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸುವ ಖಾತೆ. ಅದರಲ್ಲಿ ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಮುಂಚೆಯೇ ಇಡಬೇಕು. ಆರು ತಿಂಗಳಿಗೆ 5,952. ಯೂರೊಗೆ ನೂರು ರೂಪಾಯಿ ಹಿಡಿದರೆ ಸುಮಾರು ಆರು ಲಕ್ಷ, ಅಲ್ವಾ? ಯಾರೂ ನುಂಗಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮಗೇ ಬಿಡ್ತಾರೆ. ಅದರಲ್ಲೇ ಬಾಡಿಗೆ, ಊಟ, ಆರೋಗ್ಯ ವಿಮೆ. ಆದರೆ ದುಡ್ಡು ಒಟ್ಟಿಗೆ ಕೈಯಲ್ಲಿರಬೇಕು, ಅದೂ ವೀಸಾಕ್ಕೆ ಮುಂಚೆ. ಎಫ್‌ಡಿ ಮುರಿಸುವುದಿದ್ದರೆ, ಸೊಸೈಟಿ ಸಾಲ ಕೇಳುವುದಿದ್ದರೆ ಹೊರಡುವುದಕ್ಕೆ ಮುಂಚಿನ ದೀಪಾವಳಿಗೇ ಮನೆಯಲ್ಲಿ ಮಾತಾಡಿ. ಸ್ಕಾಲರ್‌ಶಿಪ್ ಸಿಕ್ಕರೆ ಅದನ್ನೂ ತೋರಿಸಬಹುದು. ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಹಾಸ್ಟೆಲ್ ರೂಮಿಗೆ ಅಡ್ಮಿಷನ್ ಪತ್ರ ಬಂದ ದಿನವೇ. ಅಲ್ಲಿ ಮನೆ ಹಿಡಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮರೆಯಬೇಡಿ.

ಅಂದ ಹಾಗೆ, ಧಾರವಾಡದಿಂದ ಟ್ಯೂಬಿಂಗನ್‌ಗೆ ನೀವೇ ಮೊದಲಿಗರಲ್ಲ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಧಾರವಾಡದ ಮಳೆ ಕಂಡವರು. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ, ಅವರು 1903ರಲ್ಲಿ ತೀರಿಕೊಂಡಿದ್ದೂ ಅದೇ ಊರಲ್ಲಿ. ನೆಕ್ಕರ್ ಹೊಳೆ ದಂಡೆಯಲ್ಲಿ ಕೂತು ಮನೆ ನೆನಪಾದ ದಿನ ನನಗೆ ಆ ಮುದುಕರೇ ಜೊತೆ.

ಪ್ರಶ್ನೆ: ಮಗಳು ಏಪ್ರಿಲ್‌ನಲ್ಲಿ ಜರ್ಮನಿಗೆ ಹೋಗುತ್ತಿದ್ದಾಳೆ. ಶುದ್ಧ ಸಸ್ಯಾಹಾರಿ. ತುಪ್ಪ, ಪೇಡಾ, ಕುಕ್ಕರ್ ಕಳಿಸಬಹುದಾ? (ತಾಯಿ, ಹಾವೇರಿ)

ಉತ್ತರ: ಅಕ್ಕಾ, ತುಪ್ಪ ಪೇಡಾ ಎರಡೂ ಬೇಡ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಏರ್‌ಪೋರ್ಟ್‌ನಲ್ಲಿ ಹಿಡಿದರೆ ಕಸದ ಬುಟ್ಟಿಗೆ ಹೋಗುತ್ತೆ, ನಿಮ್ಮ ಹೊಟ್ಟೆ ಉರಿಯುತ್ತೆ. ಅಲ್ಲಿಯ ಬೆಣ್ಣೆ ತುಂಬ ಚೆನ್ನಾಗಿದೆ, ಕಾಯಿಸಿದರೆ ಒಳ್ಳೆ ತುಪ್ಪ. ಸಾರಿನ ಪುಡಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಕಟ್ಟಿ, ಎರಡು ಕವರ್ ಹಾಕಿ. ಕುಕ್ಕರ್ ಸಣ್ಣದು ಸಾಕು, ತಳ ಚಪ್ಪಟೆ ಇರಲಿ. ಒಲೆ ಕರೆಂಟಿನದು. ವೋಲ್ಟೇಜ್ ನಮ್ಮದೇ 230, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಕೂರಲ್ಲ.

ಒಂದು ಮಾತು ಮಗಳಿಗೆ ಖಂಡಿತ ಹೇಳಿ: ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಲಿ. ನನ್ನ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಸ್ಮೋಕ್ ಅಲಾರಂ ಹೊಡೆದುಕೊಂಡು ಇಡೀ ಮಹಡಿ ಚಪ್ಪಲಿ ಹಾಕಿಕೊಂಡು ಕೆಳಗಿಳಿದಿತ್ತು. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ತರಕಾರಿ ತಂದಿಟ್ಟುಕೊಳ್ಳಲಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗನಿಗೆ ಪರೀಕ್ಷೆಯಲ್ಲಿ 1.7 ಬಂದಿದೆಯಂತೆ. ಅವನು ಖುಷಿಯಾಗಿದ್ದಾನೆ. ನಾನು ಬೈದೆ. (ತಂದೆ, ಶಿರಸಿ)

ಉತ್ತರ: ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸು, 5.0 ಫೇಲು. 1.7 ಅಂದರೆ ಒಳ್ಳೆಯ ಅಂಕ. ಇವತ್ತೇ ಫೋನ್ ಮಾಡಿ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ಊಟ ಮುಗಿಸಿ ರಾತ್ರಿ ಹತ್ತಕ್ಕೆ ಮಾಡಿದರೂ ಅವನಿಗಿನ್ನೂ ಸಂಜೆ ಆರೂವರೆ.