ಕಾರ್ಡ್ ಆಟವೇ ಕೆಲಸ ಅನ್ನುವ ಮಗ

ಸಲಹೆ ಕೇಳಿ ನನ್ನ ಬಳಿ ಬರುವ ನ್ಯೂಜೆರ್ಸಿಯ ಕನ್ನಡ ಮನೆಗಳಿಂದ ಈಚೆಗೆ ಒಂದೇ ತರಹದ ದೂರು ಮತ್ತೆ ಮತ್ತೆ ಬರುತ್ತಿದೆ. ಮಗ ಬುದ್ಧಿವಂತ, ಓದು ಮುಗಿದಿದೆ, ಆದರೆ ಆಟವೇ ನನ್ನ ಕೆಲಸ ಅಂತಾನೆ. ಕೆಲವರಿಗೆ ಅದು ವಿಡಿಯೊ ಗೇಮ್, ಕೆಲವರಿಗೆ ಚೆಸ್. ಈ ಹುಡುಗನಿಗೆ 'ಮ್ಯಾಜಿಕ್: ದಿ ಗ್ಯಾದರಿಂಗ್' ಅನ್ನುವ ಕಾರ್ಡ್ ಆಟ. ಅವನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ವಯಸ್ಸು 25. ಕಂಪ್ಯೂಟರ್ ಸೈನ್ಸ್ ಡಿಗ್ರಿ ಇದೆ. ಸಿಕ್ಕಿದ್ದ ಕೆಲಸ ಬಿಟ್ಟಿದ್ದಾನೆ. "ನಮ್ಮ ಮನೇಲಿ ಇಸ್ಪೀಟು ಮುಟ್ಟಿದವರೇ ಇಲ್ಲ ಮೇಡಂ" ಅಂತ ಅವನ ಅಮ್ಮ ಮೊದಲ ಭೇಟಿಯಲ್ಲೇ ಅತ್ತರು.

ಇದು ಇಸ್ಪೀಟಲ್ಲ. ಗಣಿತ ಓದಿದ್ದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ ಮಾರುಕಟ್ಟೆಗೆ ಬಂದಿದ್ದು 1993ರಲ್ಲಿ. ಸಾವಿರಾರು ಕಾರ್ಡ್‌ಗಳಲ್ಲಿ ತನಗೆ ಬೇಕಾದವನ್ನು ಆರಿಸಿ, ಕನಿಷ್ಠ 60 ಕಾರ್ಡಿನ ಡೆಕ್ ಕಟ್ಟಿಕೊಂಡು ಆಟಗಾರ ಬರುತ್ತಾನೆ. ಇಬ್ಬರಿಗೂ 20 ಲೈಫ್, ಅದು ಸೊನ್ನೆಯಾದವರು ಸೋತಂತೆ. 1996ರಲ್ಲಿ ಇದಕ್ಕೆ ಪ್ರೊ ಟೂರ್ ಅನ್ನುವ ವೃತ್ತಿಪರ ಪಂದ್ಯಾವಳಿ ಶುರುವಾಯಿತು. 2018ರ ಡಿಸೆಂಬರ್‌ನಲ್ಲಿ ಆಟ ತಯಾರಿಸುವ ಕಂಪನಿ 32 ಆಟಗಾರರ ಲೀಗ್ ಘೋಷಿಸಿ, ಒಬ್ಬೊಬ್ಬರಿಗೂ 75,000 ಡಾಲರ್ ಒಪ್ಪಂದ ಕೊಟ್ಟಿತು. ಆಗ ನಮ್ಮ ಹುಡುಗ ಹೈಸ್ಕೂಲಿನ ಕೊನೆಯಲ್ಲಿದ್ದ. ಆಡಿದರೆ ಸಂಬಳ ಬರುತ್ತೆ ಅನ್ನೋದು ಅವನ ತಲೆಗೆ ಹೋಗಿದ್ದು ಆಗಲೇ. ಅವನು ಕಾಲೇಜು ಮುಗಿಸುವ ಮುಂಚೆಯೇ, 2021ರ ಮೇನಲ್ಲಿ, ಆ ಲೀಗ್ ನಿಲ್ಲಿಸುತ್ತೇವೆ ಅಂತ ಕಂಪನಿ ಹೇಳಿಬಿಟ್ಟಿತು. ನಡುವೆ ನಿಂತಿದ್ದ ಪ್ರೊ ಟೂರ್ 2023ರಲ್ಲಿ ಮತ್ತೆ ಶುರುವಾಯಿತು. ಗೆದ್ದವರಿಗೆ 50,000 ಡಾಲರ್ ಇದೆ, ಸಂಬಳ ಇಲ್ಲ. ಅಂಗಡಿಗಳಲ್ಲಿ ನಡೆಯುವ ಅರ್ಹತಾ ಪಂದ್ಯ ಗೆಲ್ಲಬೇಕು, ಆಮೇಲೆ ರೀಜನಲ್ ಚಾಂಪಿಯನ್‌ಶಿಪ್, ಆಮೇಲೆ ಪ್ರೊ ಟೂರ್. ಇವನು ಒಂದು ಸಲ ಅಲ್ಲಿವರೆಗೂ ಹೋಗಿದ್ದ. ಸಣ್ಣ ಸಾಧನೆ ಅಲ್ಲ ಅದು. ಆಮೇಲೆ ಆಗಲಿಲ್ಲ. ವಿಮಾನ, ಹೋಟೆಲು, ಹೊಸ ಕಾರ್ಡು ಎಲ್ಲ ಕ್ರೆಡಿಟ್ ಕಾರ್ಡ್ ಸಾಲದ ಮೇಲೆ ನಡೀತಿತ್ತು.

ಒಂದು ದಿನ ಅವನು ಒಬ್ಬನೇ ಬಂದ. ಆಟದ ಲೆಕ್ಕ ಬರೆಯುವ ಪುಟ್ಟ ಪ್ಯಾಡ್‌ಗಳನ್ನು ತರೋಕೆ ನಾನೇ ಹೇಳಿದ್ದೆ. ಹಾಳೆಯ ಮಧ್ಯೆ ಒಂದು ಗೆರೆ. ಎಡಕ್ಕೆ ಅವನ ಲೈಫ್, ಬಲಕ್ಕೆ ಎದುರಾಳಿಯದು. 20, 18, 15, 11, 4. ಸೊನ್ನೆಯಾದ ಕಡೆ ಒಂದು ಅಡ್ಡಗೀಟು.

"ಇದು ಯಾಕೆ ಸೋತೆ?" ಅಂತ ಒಂದು ಹಾಳೆ ತೋರಿಸಿದೆ.

"ಲ್ಯಾಂಡ್ ಬರಲಿಲ್ಲ ಆಂಟಿ. ವೇರಿಯನ್ಸ್."

ವೇರಿಯನ್ಸ್ ಅಂದರೆ ಅದೃಷ್ಟದ ಏರುಪೇರು. ಲ್ಯಾಂಡ್ ಕಾರ್ಡ್ ಇಲ್ಲದಿದ್ದರೆ ಕೈಯಲ್ಲಿರುವ ಒಳ್ಳೆ ಕಾರ್ಡೂ ಆಡೋಕಾಗಲ್ಲ. ಅದು ನಿಜ. ಈ ಆಟದ ಅತಿ ದೊಡ್ಡ ಹೆಸರುಗಳೂ ಪ್ರೊ ಟೂರ್‌ನಲ್ಲಿ ನೂರಕ್ಕೆ ಸುಮಾರು 60ರಿಂದ 65 ಪಂದ್ಯ ಗೆಲ್ಲುತ್ತಾರೆ, ಅಷ್ಟೇ. ಸರಿಯಾಗಿ ಆಡಿಯೂ ಸೋಲಬಹುದು. ಹಾಗಾಗಿ ಫಲಿತಾಂಶ ನೋಡಿ ಆಟವನ್ನು ಅಳೆಯಬಾರದು ಅಂತ ಒಳ್ಳೆ ಆಟಗಾರರೆಲ್ಲ ಕಲಿತಿರುತ್ತಾರೆ. ಇವನೂ ಕಲಿತಿದ್ದ. ನಾನು ಹಾಳೆ ತಿರುವುತ್ತಾ ಹೋದೆ. ಇನ್ನೊಂದು ಸೋಲು, ವೇರಿಯನ್ಸ್. ಮತ್ತೊಂದು, ಎದುರಾಳಿಗೆ ಬೇಕಾದ ಕಾರ್ಡೇ ಬಂತು.

"ಹಾಗಾದ್ರೆ ನೀನು ತಪ್ಪು ಆಡಿದೆ ಅಂತ ನಿನಗೆ ಗೊತ್ತಾಗೋದು ಹೇಗೆ?"

"ಟೀಮ್‌ನವರು ಹೇಳ್ತಾರೆ."

"ಕೊನೇ ಸಲ ಯಾವಾಗ ಹೇಳಿದ್ರು?"

ಅವನು ಪ್ಯಾಡ್‌ನ ಸುರುಳಿ ತಂತಿಯನ್ನು ಉಗುರಿನಿಂದ ಎಳೆಯುತ್ತಾ ಕೂತ. ಆಮೇಲೆ ಹೇಳಿದ. ಜೊತೆಗೆ ಅಭ್ಯಾಸ ಮಾಡುತ್ತಿದ್ದವರಲ್ಲಿ ಒಬ್ಬ ಮದುವೆಯಾದ, ಇಬ್ಬರು ಕೆಲಸಕ್ಕೆ ಸೇರಿದರು. ಟೀಮು ಅಂತ ಈಗ ಇಲ್ಲ. ಇವನು ರೂಮಿನಲ್ಲಿ ಒಬ್ಬನೇ ಆನ್‌ಲೈನ್ ಆಡುತ್ತಾನೆ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. "ಎಷ್ಟು ದುಡ್ಡು ಬಂತು ಅಂತ ಕೇಳ್ತಾರೆ ಆಂಟಿ. ಯಾರ ಜೊತೆ ಆಡ್ತೀಯ ಅಂತ ಒಂದು ದಿನಾನೂ ಕೇಳಿಲ್ಲ."

ಅಲ್ಲಿಂದಾಚೆ ನಮ್ಮ ಮಾತೇ ಬೇರೆಯಾಯಿತು. ಅಲ್ಲಿವರೆಗೆ ಮನೆಮಂದಿಯೆಲ್ಲ ಬಿಡಬೇಕಾ, ಬೇಡವಾ ಅಂತ ಜಗಳವಾಡುತ್ತಿದ್ದರು. ನನಗೆ ಕಂಡಿದ್ದು, ಈ ಕಸುಬಿನ ಮುಖ್ಯ ಭಾಗವೇ ಇವನ ಕೈತಪ್ಪಿದೆ ಅನ್ನೋದು. ಈ ಮಟ್ಟದ ಆಟಗಾರರು ಗುಂಪು ಕಟ್ಟಿಕೊಂಡು ತಯಾರಾಗುತ್ತಾರೆ. ನೂರಾರು ಆಟ ಆಡಿ, ಒಬ್ಬರ ತಪ್ಪು ಇನ್ನೊಬ್ಬರು ಹಿಡಿಯುತ್ತಾರೆ. ತಿದ್ದುವವರಿಲ್ಲದ ಕಡೆ 'ವೇರಿಯನ್ಸ್' ಅನ್ನೋ ಮಾತು ಎಲ್ಲ ಸೋಲಿಗೂ ಉತ್ತರ ಕೊಟ್ಟುಬಿಡುತ್ತೆ.

ನನ್ನ ಸಲಹೆ ಹೀಗಿತ್ತು. 26 ತುಂಬಿದ ಮೇಲೆ ಅಮೆರಿಕದಲ್ಲಿ ಸಾಮಾನ್ಯವಾಗಿ ಅಪ್ಪ-ಅಮ್ಮನ ಆರೋಗ್ಯ ವಿಮೆಯಲ್ಲಿ ಇರೋಕಾಗಲ್ಲ. ಆದ್ದರಿಂದ ಅದಕ್ಕೆ ಮುಂಚೆ ವಿಮೆ ಸಿಗುವ ಕೆಲಸ ಹಿಡಿ. ಆಡದೆ ಇಟ್ಟಿರುವ ಬೆಲೆಬಾಳುವ ಕಾರ್ಡ್ ಮಾರಿ ಸಾಲ ತೀರಿಸು, ಆಡುವ ಡೆಕ್ ಮುಟ್ಟಬೇಡ. ನಿನ್ನ ತಪ್ಪು ಹೇಳುವ ಇಬ್ಬರನ್ನಾದರೂ ಹುಡುಕು. ಸೋತ ಪ್ರತಿ ಆಟಕ್ಕೂ ಅಂಕಿಯ ಪಕ್ಕ ಒಂದು ಸಾಲು ಕಾರಣ ಬರಿ. 'ವೇರಿಯನ್ಸ್' ಅನ್ನೋ ಪದ ಆ ಸಾಲಲ್ಲಿ ಬರಬಾರದು.

ಬಿಡು ಅಂತ ಯಾಕೆ ಹೇಳಲಿಲ್ಲ ಅಂತ ಅವನ ಅಪ್ಪ ಗಟ್ಟಿಯಾಗೇ ಕೇಳಿದರು. ಇದು ಜೂಜಿನ ಚಟ, ಹಾಗೇ ನೋಡಬೇಕು ಅಂತ ಸಹೋದ್ಯೋಗಿಯೊಬ್ಬರೂ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಸೋತ ದುಡ್ಡು ವಾಪಸ್ ತರೋಕೆ ಅಂತ ಅವನು ಆಡುತ್ತಿರಲಿಲ್ಲ, ಮನೆಯಲ್ಲಿ ಸಾಲವನ್ನೂ ಮುಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟಿದ್ದು ಒಂಟಿತನ. 25ರ ಮಗನ ಕೈಯಿಂದ ಆಟ ಕಿತ್ತುಕೊಂಡರೆ ಅವನು ಕೆಲಸಕ್ಕೇನೋ ಹೋಗ್ತಾನೆ, ಮನೆಯವರ ಜೊತೆ ಮಾತು ಬಿಡ್ತಾನೆ. ಅಂಥ ಮನೆಗಳನ್ನು ನಾನು ನೋಡಿದ್ದೇನೆ.

ಹಾಗಂತ "ಮನಸ್ಸು ಹೇಳಿದ ದಾರಿಯಲ್ಲಿ ಹೋಗು" ಅಂತಲೂ ನಾನು ಹೇಳಲ್ಲ. ಸಂಬಳದ ಲೀಗನ್ನೇ ಮುಚ್ಚಿದ ಮೇಲೆ, ಈ ಆಟದಿಂದಲೇ ಬದುಕು ನಡೆಯುತ್ತೆ ಅಂತ ಹುಡುಗನಿಗೆ ಧೈರ್ಯ ಹೇಳೋದು ಅನ್ಯಾಯ. ಕೆಲಸಕ್ಕೆ ಸೇರಿದರೆ ಆಟ ಮುಗಿದಂತೆ ಅನ್ನೋದೂ ಸುಳ್ಳು. 2000ದ ವಿಶ್ವ ಚಾಂಪಿಯನ್ ಜಾನ್ ಫಿಂಕೆಲ್ ಹಣಕಾಸು ಕ್ಷೇತ್ರಕ್ಕೆ ಹೋದವರು. 2008ರಲ್ಲಿ ಕ್ವಾಲಾಲಂಪುರದ ಪ್ರೊ ಟೂರ್ ಗೆದ್ದರು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಅವನೇ ಹೇಳಿದ, ಸ್ವಲ್ಪ ನಗುತ್ತಾ.

ಇಂಥ ಮಕ್ಕಳಿರುವ ಅಪ್ಪ-ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ದುಡ್ಡಿನ ವಿಷಯ ಕೇಳಿ, ಕೇಳಲೇಬೇಕು. ಅದರ ಜೊತೆಗೆ ಯಾರ ಜೊತೆ ಅಭ್ಯಾಸ ಮಾಡ್ತಿದ್ದೀಯ, ಈ ವಾರ ಏನು ತಪ್ಪು ಮಾಡಿದೆ ಅಂತಲೂ ಕೇಳಿ. ಆಟದ ನಿಯಮ ನಿಮಗೆ ಗೊತ್ತಿರಬೇಕಾಗಿಲ್ಲ. ಉತ್ತರ ತಡವರಿಸಿ ಬಂದರೆ ಅಲ್ಲಿ ನಿಲ್ಲಿ.

ಹುಡುಗ ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಮದುವೆಯಾದ ಆ ಹಳೆ ಗೆಳೆಯನ ಮನೆಯಲ್ಲಿ ವಾರಕ್ಕೆರಡು ರಾತ್ರಿ ಅಭ್ಯಾಸ. ಪ್ರೊ ಟೂರ್‌ಗೆ ಮತ್ತೆ ಅರ್ಹತೆ ಸಿಕ್ಕಿಲ್ಲ. ಅಪ್ಪನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಅಮ್ಮ ಮಾತ್ರ ಮೊನ್ನೆ ಫೋನ್ ಮಾಡಿ, ಲ್ಯಾಂಡ್ ಕಾರ್ಡ್ ಅಂದ್ರೇನು, ಅದು ಎಷ್ಟಿರಬೇಕು ಅಂತ ಕೇಳಿದರು. ಅವನನ್ನೇ ಕೇಳಿ ಅಂದೆ.